ಶಾಸನಸಭೆಯಲ್ಲೊಬ್ಬ ಪಶುವೈದ್ಯ

ಶಾಸಕರೊಬ್ಬರು ತೀರಿಕೊಂಡರೆಂದು ತಿಳಿದ ಕೂಡಲೇ ಸಭೆಯಲ್ಲಿ ಸಂತಾಪಸೂಚಕ ನಿರ್ಣಯವೊಂದು ಮಂಡಿತವಾಗುತ್ತದೆ. ಸದಸ್ಯರೆಲ್ಲರೂ ಎದ್ದು ಮೌನವಾಗಿ ನಿಲ್ಲುತ್ತಾರೆ. ಮೃತರ ಸರಳತೆ, ಸಜ್ಜನಿಕೆ, ಜನಾನುರಾಗ ಈ ಮೂರೂ ನಡವಳಿಯ ಪುಸ್ತಕದಲ್ಲಿ ದಾಖಲೆಯಾಗುತ್ತವೆ. ಒಬ್ಬರ ಹೆಸರನ್ನು ತೆಗೆದು ಇನ್ನೊಬ್ಬರ ಹೆಸರನ್ನು ಅಲ್ಲಿ ಬರೆದರೂ ನಿರ್ಣಯಕ್ಕೆ ಯಾವ ಕುಂದೂ ಬಾರದು. ಇಂಥ ಗೌರವದಲ್ಲಿ, ಗೌರವಕ್ಕೆ ಪಾತ್ರನಾದ ಮನುಷ್ಯನೇ ಕಾಣೆಯಾಗಿಬಿಡುತ್ತಾನೆ. ತೀರಿಹೋದ ಶಾಸಕನನ್ನು ಕುರಿತು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನ್ನ ಭಾವನೆ: ಅವನ ಸ್ಥಾನದಲ್ಲಿ ಬೇರೊಬ್ಬನು ಕುಳಿತಿದ್ದರೆ ಸಭೆಗೆ ಬಾರದೆ ಹೋಗುತ್ತಿದ್ದ ಯಾವ ವಸ್ತುವನ್ನು ಅವನು ತಂದ?

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಾನು ಇಲ್ಲಿ ನೆನೆಯಹೊರಟಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಮೊಂಟಾನ ರಾಜ್ಯದವರಾದ ದಿವಂಗತ ಜಾನ್ ಮೆಲ್ಚರ್ ಅವರನ್ನು. ಅವರು 2018ನೆಯ ಇಸವಿ ಏಪ್ರಿಲ್ 12ರಂದು ಅದೇ ರಾಜ್ಯದ ಮಿಸೂಲ ಎಂಬ ಊರಿನಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ಕಾಲವಾದರು. ರಾಜ್ಯದ ಶಾಸನಸಭೆಯ ಎರಡೂ ಮನೆಗಳಲ್ಲಿ ಕುಳಿತಿದ್ದವರು; ಬಳಿಕ ರಾಷ್ಟ್ರದ ಪ್ರತಿನಿಧಿ ಸಭೆಗೂ ಸೆನೆಟ್ಟಿಗೂ ಹೋದವರು. ಆದರೆ ಅವರ ಜನ ಕೊನೆಯವರೆಗೂ ಅವರನ್ನು ಕರೆದದ್ದು ‘ಡಾಕ್ಟರ್’ ಎಂದೇ. ಅವರ ರೋಗಿಗಳು ದನ, ಕುದುರೆ, ಕುರಿ, ನಾಯಿಗಳು.

ರಾಜಕಾರ್ಯಕ್ಕೂ ಗೋವೈದ್ಯಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸತೇನಲ್ಲ. ಕಲ್ಯಾಣದ ಚಾಲುಕ್ಯ ಮನೆತನದ ರಾಜಕುಮಾರ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಬರೆದನೆಂಬುದು ನಮ್ಮ ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅರಸುಮಗನೊಬ್ಬನು ಹಸುವಿನ ಬೇನೆಗೆ ಮದ್ದು ಹೇಳುವುದನ್ನು ತನ್ನ ಘನತೆಗೆ ಕುಂದೆಂದು ಎಣಿಸಲಿಲ್ಲ. ಇಂದು ನಾವು ‘ದನದ ಡಾಕ್ಟರು’ ಎಂಬ ಮಾತನ್ನು ಹೇಳುವಾಗ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗೆ ಸುಳಿಯುತ್ತದೆ. ಆ ನಗೆ ಎಲ್ಲಿಂದ ಬಂತೋ ತಿಳಿಯದು. ಕೀರ್ತಿವರ್ಮನ ಕಾಲದಿಂದಂತೂ ಬಂದದ್ದಲ್ಲ.

ಮೆಲ್ಚರ್ ಹುಟ್ಟಿದ್ದು 1924ರ ಸೆಪ್ಟೆಂಬರ್ 6ರಂದು, ಐಯೊವ ರಾಜ್ಯದ ಸೂ ಸಿಟಿಯಲ್ಲಿ. ಕಾಲೇಜಿಗೆ ಕಾಲಿಟ್ಟ ಒಂದು ವರ್ಷದಲ್ಲೇ ಯುದ್ಧ ಅವರನ್ನು ಕರೆದೊಯ್ದಿತು. 1943ರಿಂದ 1945ರವರೆಗೆ ಪದಾತಿ ಸೈನಿಕನಾಗಿ ಯೂರೋಪಿನಲ್ಲಿ ಹೋರಾಡಿ, ಗಾಯಗೊಂಡು, ಪದಕಗಳನ್ನು ಪಡೆದು ಹಿಂದಿರುಗಿದರು. 1950ರಲ್ಲಿ ಐಯೊವ ಸ್ಟೇಟ್ ವಿದ್ಯಾಲಯದಿಂದ ಪಶುವೈದ್ಯ ಪದವಿ. ಆಮೇಲೆ ಪಶ್ಚಿಮಕ್ಕೆ ಹೊರಟು ಮೊಂಟಾನದ ಫೋರ್ಸೈತ್ ಎಂಬ ಪುಟ್ಟ ಊರಿನಲ್ಲಿ ನೆಲೆಸಿ ಚಿಕಿತ್ಸಾಲಯವೊಂದನ್ನು ತೆರೆದರು. ಯೆಲ್ಲೋಸ್ಟೋನ್ ನದಿಯ ದಂಡೆಯ ಮೇಲಿನ ಈ ಊರು ರೋಸ್‌ಬಡ್ ಎಂಬ ಜಿಲ್ಲೆಯ ಕೇಂದ್ರ. ರೈಲುದಾರಿ, ಹುಲ್ಲುಗಾವಲು, ದನದ ಮಂದೆ—ಅಲ್ಲಿಯ ಬದುಕೆಂದರೆ ಇಷ್ಟೇ.

ಆ ನಾಡಿನ ಅಗಲವನ್ನು ವಾಚಕರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಮೊಂಟಾನದ ವಿಸ್ತೀರ್ಣ ನಮ್ಮ ಕರ್ನಾಟಕದ ಹೆಚ್ಚುಕಡಮೆ ಎರಡರಷ್ಟು. ಅಷ್ಟು ನೆಲದಲ್ಲಿ 1960ರ ಜನಗಣತಿಯಂತೆ ಇದ್ದ ಜನ 6,74,767. ಮನುಷ್ಯರಿಗಿಂತ ದನಗಳೇ ಹೆಚ್ಚು. ಕರು ಅಡ್ಡವಾಗಿ ಹಸು ನರಳುತ್ತಿದೆಯೆಂದು ಸುದ್ದಿ ಬಂದರೆ, ವೈದ್ಯನು ಹಿಮದಲ್ಲಿ ಮೈಲಿಗಟ್ಟಲೆ ವಾಹನ ಓಡಿಸಿಕೊಂಡು ಹೋಗಬೇಕು. ಅವನು ಹೋಗಿ ಮುಟ್ಟಿದ ಮೇಲೆ ರೋಗಿ ತನ್ನ ಬೇನೆಯನ್ನು ಹೇಳುವುದಿಲ್ಲ. ಎಲ್ಲಿ ನೋವು, ಎಂದಿನಿಂದ ನೋವು, ನಿನ್ನೆ ಏನು ತಿಂದೆ—ಮನುಷ್ಯವೈದ್ಯನು ಮೊದಲು ಕೇಳುವ ಈ ಪ್ರಶ್ನೆಗಳೊಂದೂ ಇಲ್ಲಿ ನಡೆಯವು. ಮೆಲುಕು ನಿಂತಿದೆಯೆ, ಕಿವಿ ಜೋತಿದೆಯೆ, ಮೂಗಿನ ಕನ್ನಡಿ ಒಣಗಿದೆಯೆ, ಮಂದೆಯನ್ನು ಬಿಟ್ಟು ಒಂಟಿಯಾಗಿ ನಿಂತಿದೆಯೆ ಎಂಬುದನ್ನು ಕಣ್ಣಿನಿಂದಲೇ ಓದಿಕೊಳ್ಳಬೇಕು. ಪಶುವೈದ್ಯನ ವಿದ್ಯೆಯೆಲ್ಲ ಈ ಓದಿನಲ್ಲಿದೆ. ನಮ್ಮ ಹಳ್ಳಿಯ ಮುದುಕಿಯರೂ ಈ ಓದನ್ನು ಬಲ್ಲರು. ‘ಹಸು ಯಾಕೋ ಮಂಕಾಗಿದೆ’ ಎಂದು ಹೇಳುವಾಗ ಅವರು ಅದರ ದೇಹವನ್ನಷ್ಟೇ ಕುರಿತು ಹೇಳುತ್ತಿರುವುದಿಲ್ಲ. ಈ ‘ಮಂಕು’ ಎಂಬ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇನೆ. ಮುಂದೆ ಅದರ ಅಗತ್ಯ ಬರುತ್ತದೆ.

1953ರಲ್ಲಿ ಮೆಲ್ಚರ್ ಊರಿನ ನಗರಸಭೆಯ ಸದಸ್ಯರಾದರು. 1955ರಿಂದ 1961ರವರೆಗೆ ಅದರ ಮೇಯರ್. 1961ರಲ್ಲಿ ರಾಜ್ಯದ ಕೆಳಮನೆಗೂ 1963ರಲ್ಲಿ ಮೇಲ್ಮನೆಗೂ ಹೋದರು. 1967ರವರೆಗೆ ಅಲ್ಲಿದ್ದು, 1969ರಲ್ಲಿ ಮತ್ತೊಮ್ಮೆ ಕೆಳಮನೆಯಲ್ಲಿ ಕುಳಿತರು. ಆ ದಿನಗಳ ಮೊಂಟಾನದ ಶಾಸನಸಭೆಯ ಏರ್ಪಾಡು ನಮಗೆ ಬಹು ವಿಚಿತ್ರವಾಗಿ ತೋರೀತು. ಎರಡು ವರ್ಷಕ್ಕೊಮ್ಮೆ ಮಾತ್ರ ಸಭೆ ಸೇರುವುದು; ಅದೂ 60 ದಿನಗಳ ಮಟ್ಟಿಗೆ. ಚಳಿಗಾಲದಲ್ಲಿ ರಾಜಧಾನಿ ಹೆಲೆನಕ್ಕೆ ಬಂದು, ಆಯವ್ಯಯವನ್ನೂ ಕಾಯಿದೆಗಳನ್ನೂ ಮುಗಿಸಿ, ವಸಂತಕಾಲದಲ್ಲಿ ಎಲ್ಲರೂ ತಂತಮ್ಮ ಕಸುಬಿಗೆ ಮರಳುವರು. ರೈತನು ಹೊಲಕ್ಕೆ, ವಕೀಲನು ಕಚೇರಿಗೆ, ಅಂಗಡಿಯವನು ಗಲ್ಲಕ್ಕೆ, ಪಶುವೈದ್ಯನು ಕೊಟ್ಟಿಗೆಗೆ.

ಈ ಏರ್ಪಾಡಿನಲ್ಲಿ ದೋಷಗಳು ಇಲ್ಲದೆ ಇಲ್ಲ. ಎರಡು ವರ್ಷದ ರಾಜ್ಯಭಾರವನ್ನು ಎರಡು ತಿಂಗಳಲ್ಲಿ ತೂಗಿ ನೋಡಲು ಯಾರಿಗೆ ಸಾಧ್ಯ? ಬಿಡುವಿಲ್ಲದ ಶಾಸಕನ ಕಿವಿಗೆ ಗಣಿಯ ಒಡೆಯರೂ ರೈಲು ಕಂಪನಿಗಳೂ ಉಪದೇಶ ಮಾಡುವುದು ಸುಲಭ. ಆದರೂ ಅದರಲ್ಲಿ ನನಗೆ ಮೆಚ್ಚುಗೆಯಾಗುವ ಒಂದಂಶವುಂಟು. ಶಾಸಕತನವೇ ಕಸುಬಾಗದೆ, ಕಸುಬಿದ್ದವನು ಶಾಸಕನಾಗುತ್ತಿದ್ದ. ಸಭೆ ಮುಗಿದ ಮೇಲೆ, ತಾನು ಕೈಯೆತ್ತಿ ಒಪ್ಪಿದ ಕಾಯಿದೆಯ ಬಿಸಿಯನ್ನು ತನ್ನ ಗಿರಾಕಿಗಳ ಮುಖದಲ್ಲಿಯೇ ಕಾಣಬೇಕಾಗುತ್ತಿತ್ತು. ಹಸುವಿನ ಹಿಂದೆ ನಿಂತು ತೋಳನ್ನು ಒಳಗಿಟ್ಟಿರುವ ಡಾಕ್ಟರನ್ನು ಅದರ ಒಡೆಯನು ‘ಆ ತೆರಿಗೆಗೆ ನೀವೇಕೆ ಒಪ್ಪಿದಿರಿ?’ ಎಂದು ಕೇಳಿದರೆ, ಡಾಕ್ಟರಿಗೆ ತಪ್ಪಿಸಿಕೊಂಡು ಹೋಗುವ ದಾರಿ ಯಾವುದು?

ಮೆಲ್ಚರ್ ಅವರ ಸ್ವಂತ ಜಿಲ್ಲೆಯಲ್ಲಿಯೇ ಹುಲ್ಲಿನ ಕೆಳಗೆ ಕಲ್ಲಿದ್ದಲಿತ್ತು. ಫೋರ್ಸೈತಿಗೆ ದಕ್ಷಿಣದಲ್ಲಿರುವ ಕೋಲ್‌ಸ್ಟ್ರಿಪ್ ಎಂಬ ಊರು ರೈಲು ಕಂಪನಿಯ ಗಣಿಗಾಗಿಯೇ ಹುಟ್ಟಿದ್ದು. ಹೆಸರೇ ಅದನ್ನು ಹೇಳುತ್ತದೆ. ಅಲ್ಲಿ ಸುರಂಗ ಕೊರೆಯುವುದಿಲ್ಲ; ಮೇಲ್ಮಣ್ಣನ್ನು ಚರ್ಮ ಸುಲಿದಂತೆ ಸುಲಿದು ಕಲ್ಲಿದ್ದಲನ್ನು ಎತ್ತುತ್ತಾರೆ. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಆ ಬಯಲಿನ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಕಣ್ಣು ಬಿತ್ತು. ಇದರಲ್ಲೊಂದು ಕಾನೂನಿನ ತೊಡಕೂ ಇತ್ತು. 1916ರ ಕಾಯಿದೆಯೊಂದರಂತೆ ಸರಕಾರವು ದನ ಸಾಕುವವರಿಗೆ ಭೂಮಿಯನ್ನು ಕೊಟ್ಟಾಗ ನೆಲದೊಳಗಿನ ಖನಿಜವನ್ನು ತನಗೇ ಇಟ್ಟುಕೊಂಡಿತ್ತು. ಮೇಲಿನ ಹುಲ್ಲು ರೈತನದು, ಕೆಳಗಿನ ಕಲ್ಲಿದ್ದಲು ಸರಕಾರದ್ದು. ಸರಕಾರವು ಕಲ್ಲಿದ್ದಲನ್ನು ಗುತ್ತಿಗೆಗೆ ಕೊಟ್ಟರೆ ಹುಲ್ಲಿನವನ ಗತಿಯೇನು?

1969ರ ಉಪಚುನಾವಣೆಯಲ್ಲಿ ಗೆದ್ದು ರಾಷ್ಟ್ರದ ಪ್ರತಿನಿಧಿ ಸಭೆಗೆ ಹೋಗಿದ್ದ ಮೆಲ್ಚರ್ ಈ ವಿಷಯದಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಒಬ್ಬರು. ಗಣಿಯಿಂದ ಕೆಟ್ಟ ನೆಲವನ್ನು ಮತ್ತೆ ನೇರ್ಪಡಿಸಬೇಕೆಂಬ ಮಸೂದೆಯನ್ನು ಅಧ್ಯಕ್ಷ ಫೋರ್ಡ್ 1974ರಲ್ಲೊಮ್ಮೆ, 1975ರಲ್ಲೊಮ್ಮೆ ತಡೆಹಿಡಿದರು. ಕೊನೆಗೆ 1977ರ ಆಗಸ್ಟ್ 3ರಂದು ಅಧ್ಯಕ್ಷ ಕಾರ್ಟರ್ ಅದಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಮೆಲ್ಚರ್, ಮೈಕ್ ಮ್ಯಾನ್ಸ್‌ಫೀಲ್ಡರು ತೆರವು ಮಾಡಿದ ಸೆನೆಟ್ ಸ್ಥಾನಕ್ಕೆ ಬಂದಿದ್ದರು. ಸರಕಾರದ ಕಲ್ಲಿದ್ದಲಿನ ಮೇಲೆ ಕುಳಿತ ರೈತನ ಲಿಖಿತ ಒಪ್ಪಿಗೆಯಿಲ್ಲದೆ ಅವನ ನೆಲವನ್ನು ಸುಲಿಯಕೂಡದೆಂಬ ಅಂಶ ಆ ಕಾಯಿದೆಯಲ್ಲಿ ಸೇರಿದೆ. ಮೇಲ್ಮಣ್ಣು ಹೋದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಹಸುವಿಲ್ಲ ಎಂಬುದನ್ನು ಮೊಂಟಾನದಲ್ಲಿ ಯಾರೂ ಪಶುವೈದ್ಯನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ಸ್ವಲ್ಪ ವಿನೋದಕ್ಕೆ ಎಡೆಯಿದೆ. 1982ರ ಸೆನೆಟ್ ಚುನಾವಣೆಯಲ್ಲಿ ವಾಷಿಂಗ್ಟನ್ನಿನ ಬಲಪಂಥೀಯ ಸಮಿತಿಯೊಂದು ಮೆಲ್ಚರರನ್ನು ಸೋಲಿಸಲೆಂದು ಹಣದ ಥೈಲಿ ಹಿಡಿದು ಮೊಂಟಾನಕ್ಕೆ ಬಂದಿತು. ಅದಕ್ಕೆ ಮೆಲ್ಚರರ ಕಡೆಯವರು ಕೊಟ್ಟ ಉತ್ತರ ಒಂದು ದೂರದರ್ಶನ ಜಾಹೀರಾತು. ಅದರಲ್ಲಿ ಹಸುಗಳು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತವೆ: ಪಟ್ಟಣದವರು ಬಂದು ನಮ್ಮ ಡಾಕ್ಟರನ್ನು ಹಳಿಯುತ್ತಿದ್ದಾರಂತೆ, ಅವರಲ್ಲೊಬ್ಬನಂತೂ ತಾನು ಮಾರಲು ತಂದ ಸರಕನ್ನೇ ಹುಲ್ಲುಗಾವಲಿನಲ್ಲಿ ತುಳಿದ, ಅದೂ ಸಾಲದೆಂದು ಹಸುವಾದ ನನ್ನನ್ನು ಎತ್ತು ಎಂದು ಕರೆದ! ಈ ಜಾಹೀರಾತು ಅಮೆರಿಕದ ಚುನಾವಣೆಯ ಚರಿತ್ರೆಯಲ್ಲಿ ಹೆಸರುವಾಸಿಯಾಗಿದೆ. ಮೆಲ್ಚರ್ ಗೆದ್ದರು. ‘ಗೋವಿನ ಹಾಡ’ನ್ನು ಬಾಲ್ಯದಲ್ಲಿಯೇ ಕೇಳಿ ಬೆಳೆದ ನಮಗೆ ಹಸು ಮಾತಾಡಿದರೆ ಆಶ್ಚರ್ಯವಿಲ್ಲ. ನಮ್ಮ ಪುಣ್ಯಕೋಟಿ ಹುಲಿಯ ಮುಂದೆ ಸತ್ಯಕ್ಕೆ ಸಾಕ್ಷಿಯಾಗುತ್ತಾಳೆ. ಮೊಂಟಾನದ ಹಸುಗಳು ಮತದಾರರ ಮುಂದೆ ತಮ್ಮ ವೈದ್ಯನಿಗೆ ಸಾಕ್ಷಿಯಾದವು. ಎರಡರಲ್ಲಿ ಯಾವುದು ಹೆಚ್ಚು ಕಠಿಣವೆಂದು ಚುನಾವಣೆಗೆ ನಿಂತವರೇ ಹೇಳಬೇಕು.

ಆದರೆ ಮೆಲ್ಚರರನ್ನು ನಾನು ನೆನೆಯುವುದು ಈ ಜಾಹೀರಾತಿಗಾಗಿ ಅಲ್ಲ, ಕಲ್ಲಿದ್ದಲಿಗಾಗಿಯೂ ಅಲ್ಲ. ಅವರಿಲ್ಲದಿದ್ದರೆ ಅಮೆರಿಕದ ಕಾಯಿದೆಯ ಪುಸ್ತಕದಲ್ಲಿ ಬಹುಶಃ ಇರಲಾರದಿದ್ದ ಒಂದೇ ಒಂದು ವಾಕ್ಯಖಂಡಕ್ಕಾಗಿ.

ಪ್ರಯೋಗಶಾಲೆಯ ಪ್ರಾಣಿಗಳ ಬಗೆಗೆ ಅಮೆರಿಕದಲ್ಲಿ ಮೊದಲ ಕಾಯಿದೆ ಬಂದದ್ದು 1966ರಲ್ಲಿ. ಸಾಕಿದ ನಾಯಿಗಳನ್ನು ಕದ್ದು ಪ್ರಯೋಗಕ್ಕೆ ಮಾರುತ್ತಾರೆಂಬ ಸುದ್ದಿಯಿಂದ ಜನ ಕೆರಳಿದ್ದೇ ಅದಕ್ಕೆ ಕಾರಣ. 1970ರ ತಿದ್ದುಪಡಿಯಲ್ಲಿ ಅದರ ವ್ಯಾಪ್ತಿ ಹಿಗ್ಗಿತು. ಪಂಜರ ಎಷ್ಟು ಅಗಲವಿರಬೇಕು, ನೀರು ಹೇಗಿರಬೇಕು, ಗಾಳಿ ಬೆಳಕು ಎಷ್ಟು ಎಂಬುದೇ ಆ ಕಾಯಿದೆಗಳ ಕಾಳಜಿ. ಅಷ್ಟರಲ್ಲಿ 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿಯ ಪ್ರಯೋಗಶಾಲೆಯೊಂದರಿಂದ ಪೋಲೀಸರು 17 ಕೋತಿಗಳನ್ನು ವಶಪಡಿಸಿಕೊಂಡರು. ಆ ಪ್ರಕರಣ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಎಳೆದಾಡಿತು. ಪಂಜರದ ಅಳತೆಯಷ್ಟೇ ಸಾಲದೆಂಬ ಅರಿವು ದೇಶದಲ್ಲಿ ಹಬ್ಬಿತು.

ಹಾಗೆ ನೋಡಿದರೆ ವಿಜ್ಞಾನಿಗಳಿಗೆ ಇದು ಮೊದಲೇ ತಿಳಿದಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ 1950–60ರ ದಶಕಗಳಲ್ಲಿ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಪರೀಕ್ಷಿಸಿದರು. ಹಾಲೂಡುವ ತಂತಿಯ ಬೊಂಬೆಯನ್ನು ಬಿಟ್ಟು, ಹಾಲಿಲ್ಲದಿದ್ದರೂ ಮೆತ್ತನೆಯ ಬಟ್ಟೆಯ ಬೊಂಬೆಯನ್ನೇ ಮರಿ ತಬ್ಬಿಕೊಂಡಿತು. ಪೂರ್ಣವಾಗಿ ಒಂಟಿಯಾಗಿಟ್ಟ ಮರಿಗಳು ಮೂಲೆಯಲ್ಲಿ ಕುಳಿತು ತೂಗಾಡುತ್ತ, ತಮ್ಮನ್ನು ತಾವೇ ಕಚ್ಚಿಕೊಳ್ಳುತ್ತ ಬುದ್ಧಿಗೆಟ್ಟವು. ಸಂಗಡಿಗರಿಲ್ಲದ ಕೋತಿಯ ಮನಸ್ಸು ಕೆಡುತ್ತದೆಂಬುದು ಹೀಗೆ ಕೋತಿಯ ಮನಸ್ಸನ್ನು ಕೆಡಿಸಿಯೇ ರುಜುವಾತಾಯಿತು. ಅವು ರೀಸಸ್ ಜಾತಿಯ ಕೋತಿಗಳು; ನಮ್ಮ ಉತ್ತರ ಭಾರತದ ದೇವಸ್ಥಾನಗಳಲ್ಲಿಯೂ ರೈಲುನಿಲ್ದಾಣಗಳಲ್ಲಿಯೂ ಕಾಣುವ ಕೆಂಪು ಮೂತಿಯವು. ಪೋಲಿಯೋ ಲಸಿಕೆಯ ಕಾಲದಲ್ಲಿ ಆ ಜಾತಿಯನ್ನು ನಮ್ಮ ದೇಶದಿಂದ ಲಕ್ಷಗಟ್ಟಲೆಯಾಗಿ ಹಡಗು ವಿಮಾನಗಳಲ್ಲಿ ತುಂಬಿ ಹೊರಗೆ ಕಳುಹಿಸಿದರು. 1978ರಲ್ಲಿ ಭಾರತ ಸರಕಾರ ಆ ರಫ್ತನ್ನು ನಿಷೇಧಿಸಿತು. ಆದುದರಿಂದ ಅಮೆರಿಕದ ಪಂಜರದ ಕೋತಿಯ ಮಾತು ನಮಗೆ ಕೇವಲ ಪರದೇಶದ ಮಾತಾಗದು.

1985ರಲ್ಲಿ ಕಾಯಿದೆಗೆ ಮತ್ತೊಮ್ಮೆ ತಿದ್ದುಪಡಿ ಬಂದಿತು. ಸೆನೆಟ್ಟಿನಲ್ಲಿ ಅದನ್ನು ಮುಂದಿಟ್ಟವರು ಕಾನ್ಸಾಸಿನ ಬಾಬ್ ಡೋಲ್, ಕೆಳಮನೆಯಲ್ಲಿ ಕ್ಯಾಲಿಫೋರ್ನಿಯದ ಜಾರ್ಜ್ ಬ್ರೌನ್. ಆಗ ಸೆನೆಟ್ಟಿನಲ್ಲಿದ್ದ ಒಬ್ಬನೇ ಪಶುವೈದ್ಯ ಮೆಲ್ಚರ್. ವಾನರಗಳ ಮಾನಸಿಕ ಕ್ಷೇಮವನ್ನು ಬೆಳೆಸುವಂಥ ವಾಸಸ್ಥಾನವನ್ನು ಒದಗಿಸಬೇಕೆಂಬ ಅಂಶ ಆ ತಿದ್ದುಪಡಿಯಲ್ಲಿ ಸೇರಿದ್ದು ಅವರಿಂದ. ಅದೇ ವರ್ಷದ ಡಿಸೆಂಬರ್ 23ರಂದು ಅಧ್ಯಕ್ಷ ರೇಗನ್ನರ ಸಹಿಯೊಡನೆ, ಕೃಷಿಗೆ ಸಂಬಂಧಪಟ್ಟ ಭಾರಿ ಕಾಯಿದೆಯೊಂದರ ಒಡಲಿನಲ್ಲಿ ಇದೂ ಜಾರಿಗೆ ಬಂತು.

‘ಮಾನಸಿಕ ಕ್ಷೇಮ’! ಈ ಎರಡು ಪದಗಳು ಎಬ್ಬಿಸಿದ ಗದ್ದಲ ಸಣ್ಣದಲ್ಲ. ಕೋತಿಗೆ ಮನಸ್ಸಿದೆಯೆಂದು ಕಾಯಿದೆ ಒಪ್ಪುವುದೆ? ಇದ್ದರೂ ಅದರ ಕ್ಷೇಮವನ್ನು ಅಳೆಯುವ ಕೋಲು ಎಲ್ಲಿದೆ? ಸಂಶೋಧಕರಲ್ಲಿ ಅನೇಕರು ಹೀಗೆ ಕೇಳಿದರು. ಅವರ ಶಂಕೆಯನ್ನು ನಾನು ಹಗುರಾಗಿ ಕಾಣಲಾರೆ. ಕಾಯಿದೆಯಲ್ಲಿ ಬಳಸುವ ಪದಕ್ಕೆ ಖಚಿತವಾದ ಅರ್ಥವಿರಬೇಕು. ಅರ್ಥ ಸಡಿಲವಾದಲ್ಲಿ ಅಧಿಕಾರಿಯ ಮರ್ಜಿ ನುಸುಳುತ್ತದೆ. ಅಲ್ಲದೆ ಕೇಳಿದವರೆಲ್ಲ ಕಟುಕರಾಗಿರಲಿಲ್ಲ; ತಮ್ಮ ಪ್ರಯೋಗದಿಂದ ಮಕ್ಕಳ ರೋಗಕ್ಕೆ ಮದ್ದು ಸಿಕ್ಕೀತೆಂದು ಪ್ರಾಮಾಣಿಕವಾಗಿ ನಂಬಿದವರೂ ಅವರಲ್ಲಿದ್ದರು.

ಆದರೆ ಈ ಪ್ರಶ್ನೆ ಪಶುವೈದ್ಯನಿಗೆ ಹೊಸತಾಗಿ ಕಾಣುವುದು ಸಾಧ್ಯವೆ? ಮಾತಾಡದ ರೋಗಿಯ ಒಳಗನ್ನು ಹೊರಗಿನಿಂದ ತಿಳಿದುಕೊಳ್ಳುವುದೇ ಅವನು ಪ್ರತಿದಿನ ಮಾಡುತ್ತಿದ್ದ ಕೆಲಸ. ‘ಹಸು ಮಂಕಾಗಿದೆ’ ಎಂಬ ಮಾತು ಅವನ ಪಾಲಿಗೆ ಕವಿಸಮಯವಲ್ಲ, ರೋಗಲಕ್ಷಣ. ವಕೀಲನು ಸಾಕ್ಷಿಯ ಹೇಳಿಕೆಯನ್ನು ಕೇಳುತ್ತಾನೆ. ಲೆಕ್ಕಿಗನು ಅಂಕಿಯನ್ನು ಕೇಳುತ್ತಾನೆ. ಎರಡೂ ಇಲ್ಲದ ಕಡೆ ಇಬ್ಬರೂ ಕೈಚೆಲ್ಲುತ್ತಾರೆ. ಹೇಳಿಕೆಯೂ ಅಂಕಿಯೂ ಇಲ್ಲದ ಕೊಟ್ಟಿಗೆಯಲ್ಲಿ ತೀರ್ಮಾನ ಮಾಡಿ ಅಭ್ಯಾಸವಿದ್ದವನೊಬ್ಬನು ಆ ದಿನ ಸಭೆಯಲ್ಲಿದ್ದ. ಮೆಲ್ಚರ್ ಹೀಗೆಯೇ ಯೋಚಿಸಿದರೆಂದು ನಾನು ಹೇಳುತ್ತಿಲ್ಲ. ಅವರ ಕಸುಬನ್ನೂ ಅವರ ವಾಕ್ಯವನ್ನೂ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರುವುದು ಇದು. ನ್ಯಾಯವಾದಿಗಳಿಂದ ತುಂಬಿದ ಸಭೆಗೆ ಆ ಪದ ತಾನಾಗಿ ಹೊಳೆಯುತ್ತಿತ್ತೆಂದು ನಂಬುವುದು ಕಷ್ಟ.

ಇನ್ನು ಮುಂದಿನದು ಅಷ್ಟು ಸುಂದರವಾದ ಕಥೆಯಲ್ಲ. ಕಾಯಿದೆಗೆ ನಿಯಮಗಳನ್ನು ಬರೆಯಲು ಕೃಷಿ ಇಲಾಖೆ 1991ರವರೆಗೆ ಸಮಯ ತೆಗೆದುಕೊಂಡಿತು. ಬರೆದ ನಿಯಮಗಳಲ್ಲಿ ವಾನರಗಳ ಮಾನಸಿಕ ಕ್ಷೇಮಕ್ಕೆ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಬಹುಮಟ್ಟಿಗೆ ಆಯಾ ಸಂಸ್ಥೆಗೇ ಬಿಟ್ಟಿತು. ಪ್ರಾಣಿಪಕ್ಷಪಾತಿಗಳು ನ್ಯಾಯಾಲಯಕ್ಕೆ ಹೋದರು. ಅಲ್ಲಿ ಮೊದಲು ಎದ್ದ ಪ್ರಶ್ನೆಯೇ ಬೇರೆ: ದೂರು ಕೊಡಲು ನೀವು ಯಾರು? ಕೋತಿಗೆ ಆದ ನೋವಿಗೆ ಮನುಷ್ಯ ಹೇಗೆ ವಾದಿಯಾದಾನು? ಕೊನೆಗೆ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಒಂದು ಸ್ವಾರಸ್ಯವಾದ ತೀರ್ಪು ನೀಡಿತು. ಮೃಗಾಲಯವೊಂದಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದ ಪ್ರೇಕ್ಷಕನೊಬ್ಬನು ಅಲ್ಲಿಯ ವಾನರಗಳ ದುರವಸ್ಥೆಯನ್ನು ಕಂಡು ನೊಂದಿದ್ದ. ಕಂಡವನಿಗೆ ಆದ ಆ ನೋವೇ ಅವನಿಗೆ ದೂರುವ ಹಕ್ಕನ್ನು ಕೊಡುತ್ತದೆಂದು ನ್ಯಾಯಾಧೀಶರ ಬಹುಮತ ಹೇಳಿತು. ಪಂಜರದೊಳಗಿನ ದುಃಖ ನ್ಯಾಯಾಲಯದ ಬಾಗಿಲನ್ನು ದಾಟಬೇಕಾದರೆ ಮೊದಲು ಪಂಜರದ ಹೊರಗೆ ನಿಂತವನ ದುಃಖವಾಗಬೇಕು! ನಮ್ಮ ಅಲಂಕಾರಿಕರು ಇದನ್ನು ಕೇಳಿದ್ದರೆ, ಇದು ನಮ್ಮ ಸಹೃದಯನಲ್ಲವೆ ಎಂದು ಕೇಳುತ್ತಿದ್ದರೇನೋ. ಇಷ್ಟಾಗಿಯೂ 2000ದಲ್ಲಿ ಅದೇ ನ್ಯಾಯಾಲಯ ಇಲಾಖೆಯ ನಿಯಮಗಳು ಕಾಯಿದೆಗೆ ವಿರುದ್ಧವಲ್ಲವೆಂದು ಎತ್ತಿಹಿಡಿಯಿತು. ಹಕ್ಕು ಗೆದ್ದಿತು, ವ್ಯಾಜ್ಯ ಸೋತಿತು. ಮೆಲ್ಚರರ ವಾಕ್ಯ ಮಾತ್ರ ಕಾಯಿದೆಯಲ್ಲಿ ಅಳಿಯದೆ ಉಳಿಯಿತು.

ಅವರನ್ನು ಹೊಗಳಿಯೇ ಮುಗಿಸಿದರೆ ನಾನೂ ಆ ಸಂತಾಪಸೂಚಕ ನಿರ್ಣಯದ ದಾರಿಯನ್ನೇ ಹಿಡಿದಂತಾದೀತು. ಮೆಲ್ಚರ್ ಚಿಕಿತ್ಸಾಲಯದ ಜೊತೆಗೆ, ಮಾಂಸಕ್ಕಾಗಿ ದನಗಳನ್ನು ಕೂಡಿಹಾಕಿ ಮೇಯಿಸಿ ಕೊಬ್ಬಿಸುವ ದೊಡ್ಡಿಯೊಂದನ್ನೂ ನಡೆಸಿದವರು. ಅವರ ಊರಿನ ಸಂಪತ್ತೆಲ್ಲ ಆ ವ್ಯಾಪಾರದ ಮೇಲೆ ನಿಂತಿತ್ತು. ವಾನರದ ಮನಸ್ಸಿಗೆ ಕಾವಲಿಟ್ಟ ಅದೇ ಕಾಯಿದೆ ಆಹಾರಕ್ಕಾಗಿ ಸಾಕುವ ದನ, ಹಂದಿ, ಕುರಿ, ಕೋಳಿಗಳನ್ನು ಹೊರಗೆ ಬಿಟ್ಟಿದೆ. ಪ್ರಯೋಗಶಾಲೆಗಳಲ್ಲಿ ಅತ್ಯಂತ ಹೆಚ್ಚಾಗಿ ಬಳಸುವ ಇಲಿ ಹೆಗ್ಗಣಗಳನ್ನು ಇಲಾಖೆಯ ನಿಯಮ ಬಹುಕಾಲ ಹೊರಗಿಟ್ಟಿತ್ತು. 2002ರಲ್ಲಿ ಕಾಯಿದೆಯೇ ಅವನ್ನು ಹೊರಗಿಟ್ಟಿತು. ಐವತ್ತರ ದಶಕದ ಹಿಮದ ರಾತ್ರಿಗಳಲ್ಲಿ ಯಾವ ಹಸುಗಳ ಮಂಕನ್ನು ಡಾಕ್ಟರ್ ಮೆಲ್ಚರ್ ಓದುತ್ತಿದ್ದರೋ ಆ ಹಸುಗಳ ಮನಸ್ಸಿಗೆ ಅವರ ವಾಕ್ಯದಲ್ಲಿ ಎಡೆ ದೊರೆಯಲಿಲ್ಲ. ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಮನುಷ್ಯನು ತಾನು ತಿನ್ನುವ ಅನ್ನಕ್ಕೂ ತನ್ನನ್ನು ಆರಿಸಿ ಕಳುಹಿಸುವ ಜನರಿಗೂ ಕಟ್ಟುಬಿದ್ದಿರುತ್ತಾನೆ. ಆ ಹಗ್ಗದ ಉದ್ದದೊಳಗೆ ಎಷ್ಟು ದೂರ ನಡೆದನೆಂಬುದನ್ನು ನೋಡಬೇಕು. ಆದರೂ ಅದು ಕೊರತೆಯೇ. ಹಾಲು ಕರೆದುಕೊಂಡು ಮುದಿಹಸುವನ್ನು ಬೀದಿಗೆ ಬಿಟ್ಟು ಪ್ಲಾಸ್ಟಿಕ್ ತಿನ್ನಿಸುವ ನಾವು ಮೊಂಟಾನದವರನ್ನು ನೋಡಿ ಮೂಗು ಮುರಿಯುವ ಹಾಗೂ ಇಲ್ಲ.

1988ರಲ್ಲಿ ಮೆಲ್ಚರ್ ಸೋತರು. ಮೊಂಟಾನದ ಕಾಡುಗಳಲ್ಲಿ ಒಂದಿಷ್ಟನ್ನು ಯಾರೂ ಮುಟ್ಟದಂತೆ ಕಾದಿರಿಸುವ ಮಸೂದೆಯೊಂದನ್ನು ಅವರು ಬಹಳ ಪ್ರಯಾಸದಿಂದ ಪಾರು ಮಾಡಿಸಿದ್ದರು. ಚುನಾವಣೆಗೆ ಕೆಲವೇ ದಿನಗಳಿರುವಾಗ ಅಧ್ಯಕ್ಷ ರೇಗನ್ ಅದಕ್ಕೆ ಅಂಕಿತ ಹಾಕದೆ ಬಿಟ್ಟರು. ಗೆದ್ದವರು ಕಾನ್ರಾಡ್ ಬರ್ನ್ಸ್. ಅವರ ಹಳೆಯ ಕಸುಬು ದನಗಳ ಹರಾಜು ಕೂಗುವುದು, ರೇಡಿಯೋದಲ್ಲಿ ರೈತರಿಗೆ ಪೇಟೆಧಾರಣೆ ಹೇಳುವುದು. ಹಸುವಿಗೆ ಮದ್ದು ಕೊಡುವವನನ್ನು ಹಸುವಿಗೆ ಬೆಲೆ ಕಟ್ಟುವವನು ಸೋಲಿಸಿದನೆಂದು ಹೇಳಿದರೆ ಅದು ಚಮತ್ಕಾರದ ಮಾತಾದೀತು. ಬರ್ನ್ಸರಿಗೆ ಅನ್ಯಾಯವೂ ಆದೀತು. ಜನ ತಮಗೆ ತೋರಿದಂತೆ ಮತ ಕೊಟ್ಟರು. 1994ರಲ್ಲಿ ಮೆಲ್ಚರ್ ಮತ್ತೊಮ್ಮೆ ಪ್ರಯತ್ನಿಸಿದರು. ಸ್ವಪಕ್ಷದ ಆಯ್ಕೆಯಲ್ಲಿಯೇ ಹಿಂದೆ ಬಿದ್ದರು.

ನಮ್ಮ ದೇಶದಲ್ಲಿಯೂ ಮೂಕಪ್ರಾಣಿಗಳ ಮಾತನ್ನು ಸಭೆಗೆ ತಂದವರಿದ್ದಾರೆ. ರಾಜ್ಯಸಭೆಗೆ ನಾಮಕರಣಗೊಂಡಿದ್ದ ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ 1953ರಲ್ಲಿ ತಂದ ಖಾಸಗಿ ಮಸೂದೆಯೇ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ಬೀಜ. ಅಲ್ಲಿ ಪಶುವೈದ್ಯ, ಇಲ್ಲಿ ನರ್ತಕಿ. ಮಾತಿಲ್ಲದೆ ಮೈಯಿಂದಲೇ ಅರ್ಥವನ್ನು ಹೇಳುವ ವಿದ್ಯೆ ನರ್ತಕಿಯದು, ಮಾತಿಲ್ಲದ ಮೈಯಿಂದ ಅರ್ಥವನ್ನು ತಿಳಿಯುವ ವಿದ್ಯೆ ಪಶುವೈದ್ಯನದು. ಇದು ಕಾಕತಾಳೀಯವಿದ್ದೀತು, ಆದರೂ ನನಗೆ ಹಿತವಾದ ಕಾಕತಾಳೀಯ.

ಕರ್ನಾಟಕದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಂದ, 7 ಅಧ್ಯಾಪಕರಿಂದ ಆರಿಸಿ ಬರುವಂಥವು. 11 ಸ್ಥಾನಗಳು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಇವುಗಳಲ್ಲಿ ವಿಶೇಷ ಜ್ಞಾನವಿದ್ದವರಿಗೆ ಮೀಸಲು. ಕಸುಬಿನ ಕಣ್ಣು ಸಭೆಯಲ್ಲಿ ಇರಬೇಕೆಂಬುದೇ ಸಂವಿಧಾನವನ್ನು ರಚಿಸಿದವರ ಇಂಗಿತ. ಆ ಸ್ಥಾನಗಳನ್ನು ನಾವು ಹೇಗೆ ತುಂಬುತ್ತ ಬಂದಿದ್ದೇವೆಂಬುದನ್ನು ಇಲ್ಲಿ ಕೆದಕುವುದಿಲ್ಲ. ಈ ಪುಟವನ್ನು ಓದುವ ಅಧ್ಯಾಪಕರಲ್ಲಿ ಮತ ಹಾಕಿದವರು ಇದ್ದೇ ಇರುತ್ತಾರೆ. ಎತ್ತು, ಎಮ್ಮೆ, ಕುರಿಗಳನ್ನು ನಂಬಿ ಬದುಕುವ ಕುಟುಂಬಗಳು ಇಷ್ಟೊಂದಿರುವ ನಾಡಿನಲ್ಲಿ ಅಂಥ ಸ್ಥಾನವೊಂದಕ್ಕೆ ಪಶುವೈದ್ಯರ ಹೆಸರು ಹೊಳೆಯುವುದು ಅಪರೂಪ ಎಂಬಷ್ಟನ್ನು ಹೇಳಿದರೆ ಸಾಕು.

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ಪ್ರಾರಂಭವಾಯಿತು. ಅಲ್ಲಿಂದ ಹೊರಬಂದ ವೈದ್ಯರು ಇಂದು ನಾಡಿನ ಮೂಲೆಮೂಲೆಯಲ್ಲಿಯೂ ಇದ್ದಾರೆ. ಇಂಥ ಕಾಲೇಜುಗಳಲ್ಲಿ ವರ್ಷಕ್ಕೊಂದು ದಿನ ಶಸ್ತ್ರವನ್ನೂ ಔಷಧವನ್ನೂ ಬದಿಗಿಟ್ಟು, ಕೀರ್ತಿವರ್ಮನ ‘ಗೋವೈದ್ಯ’ದ ಒಂದು ಭಾಗವನ್ನೂ ಮೆಲ್ಚರರ 1985ರ ಆ ಒಂದು ವಾಕ್ಯವನ್ನೂ ಜೊತೆಯಾಗಿಟ್ಟು ಓದಿಸಬಹುದು. ‘ಹಾಗಾದರೆ, ಕೊಟ್ಟಿಗೆಯಲ್ಲಿರುವ ಹಸುವಿನ ಮನಸ್ಸಿನ ಮಾತೇನು, ಸಾರ್?’ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದರೆ, ಅಧ್ಯಾಪಕರು ಅಂದಿನ ಪಾಠವನ್ನು ಅಲ್ಲಿಗೇ ಬಿಟ್ಟು, ಗಂಟೆ ಹೊಡೆಯುವವರೆಗೂ ಆ ಪ್ರಶ್ನೆಯನ್ನೇ ಹಿಡಿದುಕೊಳ್ಳಲಿ.